ಬಣ್ಣದ ಭೇದ ಮತ್ತು ಚಿತ್ರಪುಸ್ತಕ

ಅಕ್ಷರಗಳನ್ನು ಕಲಿಯುವ ಮೊದಲೇ ಮಗು ಚಿತ್ರಗಳನ್ನು ಓದಲು ಕಲಿಯುತ್ತದೆ. ಪುಸ್ತಕಗಳಲ್ಲಿ ರಾಜಕುಮಾರಿ ಯಾವಾಗಲೂ ಬೆಳ್ಳಗೆ, ರಾಕ್ಷಸ ಯಾವಾಗಲೂ ಕಪ್ಪಗೆ ಕಾಣಿಸಿಕೊಂಡರೆ, ಬಿಳುಪು ಒಳ್ಳೆಯದು, ಕಪ್ಪು ಕೆಟ್ಟದ್ದು ಎಂಬ ಪಾಠವನ್ನು ಯಾರೂ ಹೇಳಿಕೊಡದೆಯೇ ಅದು ಕಲಿತುಬಿಡುತ್ತದೆ. ಬೈಲಹೊಂಗಲ, ಸವದತ್ತಿಗಳ ಸೀಮೆಯಲ್ಲಿ ರೈತನಿಗೆ ಕಪ್ಪು ಎರೆಭೂಮಿಯೆಂದರೆ ಹೊನ್ನು. ಆದರೆ ಮೈಬಣ್ಣ ಕಪ್ಪಾದ ಮಗುವನ್ನು ಹೀಗಳೆಯುವ ಮಾತು ನಮ್ಮ ನಾಡಿನಲ್ಲಿ ಇಂದಿಗೂ ನಿಂತಿಲ್ಲ.

ಮೈಬಣ್ಣ ಹಾಗೂ ಜನಾಂಗವನ್ನು ನೋಡಿ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವುದೇ ವರ್ಣಭೇದ. ಈ ಭಾವನೆ ಎಳವೆಯಲ್ಲಿಯೇ ಬೇರೂರುತ್ತದೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ತೋರಿಸಿಕೊಟ್ಟರು. 1940ರ ದಶಕದಲ್ಲಿ ಅವರು 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಮತ್ತು ಕಂದು ಬಣ್ಣದ ಗೊಂಬೆಗಳನ್ನಿಟ್ಟು, ಒಳ್ಳೆಯ ಗೊಂಬೆ ಯಾವುದೆಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯತ್ತ ಬೆರಳು ತೋರಿದರು. ತಮ್ಮನ್ನು ತಾವೇ ಕೀಳಾಗಿ ಕಾಣುವುದನ್ನು ಸಮಾಜ ಅವರಿಗೆ ಅಷ್ಟು ಬೇಗ ಕಲಿಸಿತ್ತು.

ಚಿತ್ರದಿಂದ ಬಂದ ದೋಷವನ್ನು ಚಿತ್ರದಿಂದಲೇ ತಿದ್ದಬಹುದು. 1962ರಲ್ಲಿ ಎಜ್ರಾ ಜ್ಯಾಕ್ ಕೀಟ್ಸ್ ಎಂಬ ಅಮೆರಿಕದ ಚಿತ್ರಕಾರನು 'ದಿ ಸ್ನೋಯಿ ಡೇ' ಎಂಬ ಪುಸ್ತಕವನ್ನು ಹೊರತಂದನು. ಪೀಟರ್ ಎಂಬ ಕಪ್ಪು ಬಾಲಕ ಕೆಂಪು ಉಡುಪು ತೊಟ್ಟು ಹಿಮದಲ್ಲಿ ಆಡುವುದೇ ಅದರ ಕಥೆ. ಅಲ್ಲಿ ಉಪದೇಶವಿಲ್ಲ, ಬಣ್ಣದ ಮಾತೂ ಇಲ್ಲ. ಆದರೂ ಓದಿದ ಪ್ರತಿಯೊಂದು ಮಗುವೂ ಪೀಟರನ ಆಟದಲ್ಲಿ ತನ್ನ ಆಟವನ್ನೇ ಕಾಣಬಹುದು. 1963ರಲ್ಲಿ ಈ ಪುಸ್ತಕಕ್ಕೆ ಕಾಲ್ಡೆಕಾಟ್ ಪದಕ ದೊರೆಯಿತು.

ಇಂತಹ ಚಿತ್ರಗಳಿಗೆ ಬೇಕಾದ ವಸ್ತು ನಮ್ಮಲ್ಲಿಯೇ ಇದೆ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ, ರಾಮದುರ್ಗಗಳ ನೆಲಕ್ಕೆ ನೀರೆರೆಯುತ್ತದೆ. ಆ ಖಾನಾಪುರದ ಕಾಡಂಚಿನಲ್ಲಿಯೂ ನೆರೆಯ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿಯೂ ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಪೂರ್ವಜರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ತುಗೀಜರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ದಾಸ್ಯದಿಂದ ತಪ್ಪಿಸಿಕೊಂಡವರು ಕಾಡಿನಲ್ಲಿ ನೆಲೆ ಕಂಡುಕೊಂಡರು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಕನ್ನಡವನ್ನಾಡುವ ಇವರನ್ನು ಕೂಡ ಪರದೇಶಿಗಳೆಂದು ಬೆರಗಿನಿಂದ ನೋಡುವವರು ಇದ್ದಾರೆ.

ಕಿತ್ತೂರಿನ ಪತನದ ನಂತರ ಬ್ರಿಟಿಷರ ವಿರುದ್ಧ ಸೆಣಸಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಅರಿಯದ ಮಕ್ಕಳು ಈ ಭಾಗದಲ್ಲಿ ವಿರಳ. ಅವನ ಸಂಗಡಿಗರಲ್ಲಿ ಸಿದ್ದಿ ಜನಾಂಗದ ಗಜವೀರನೂ ಒಬ್ಬನೆಂಬುದನ್ನು ಎಷ್ಟು ಮಕ್ಕಳು ಅರಿತಿದ್ದಾರೆ? ರಾಯಣ್ಣನ ಪಕ್ಕದಲ್ಲಿ ಗಜವೀರನು ನಿಂತಿರುವ ಒಂದು ಚಿತ್ರ, ನೂರು ಉಪದೇಶಗಳು ಮಾಡಲಾರದ ಕೆಲಸವನ್ನು ಮಾಡಬಲ್ಲದು.

ಇಂತಹ ಪುಸ್ತಕವನ್ನು ಕಲಿಸುವ ಉಪಾಧ್ಯಾಯರು ಮೊದಲು ಚಿತ್ರವನ್ನು ಮಾತ್ರ ತೋರಿಸಬೇಕು. ಇವರು ಏನು ಮಾಡುತ್ತಿದ್ದಾರೆ? ಇವರ ಮನಸ್ಸಿನಲ್ಲಿ ಏನಿರಬಹುದು? ನಮ್ಮ ಊರಿನವರಲ್ಲಿ ಯಾರು ಈ ಚಿತ್ರದಲ್ಲಿಲ್ಲ? ಹೀಗೆ ಕೇಳುತ್ತಾ ಹೋದರೆ ಮಗು ತಾನೇ ಯೋಚಿಸತೊಡಗುತ್ತದೆ. ಕಪ್ಪು ಜನರ ಸಂಕಟವನ್ನಷ್ಟೇ ತೋರಿಸಿದರೆ ಕನಿಕರ ಹುಟ್ಟೀತು. ಅವರ ಆಟ, ದುಡಿಮೆ, ಶೌರ್ಯಗಳನ್ನೂ ತೋರಿಸಿದಾಗಲೇ ಗೌರವ ಹುಟ್ಟುತ್ತದೆ. ಸಮಾನತೆಗೆ ಬೇಕಾದುದು ಕನಿಕರವಲ್ಲ, ಗೌರವ.