ಗರಿ ಬಿಡಿಸುವ ಕೈಗಳು

ಮೇಜಿನ ಮೇಲೆ ಹಾಸಿದ ಬಿಳಿ ಒತ್ತುಕಾಗದ, ಅದರ ನಡುವೆ ಒಂದು ಓಲೆಗರಿಯ ಕಟ್ಟು. ಅಡುಗೆಮನೆಯ ಅಟ್ಟದಲ್ಲಿ ತಲೆಮಾರುಗಳ ಹೊಗೆ ಕುಡಿದು ಕಪ್ಪಾದ ಹಲಗೆಗಳು. ಮುಟ್ಟಿದರೆ ಪುಡಿಯಾಗುವ ದಾರ. ಒಂದು ಮೂಲೆ ಗೆದ್ದಲಿನ ಪಾಲಾಗಿದೆ. ಹುಳು ಕೊರೆದ ತೂತು ಮೇಲಿನ ಗರಿಯಿಂದ ಕೆಳಗಿನ ಗರಿಯವರೆಗೂ ಇಳಿದಿದೆ. ಸೂರಿನ ಸೋರಿಕೆಗೆ ಸಿಕ್ಕಿದ ನಡುವಿನ ಗರಿಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿವೆ.

ಹಸ್ತಪ್ರತಿ ಸಂರಕ್ಷಕರು ಮೊದಲು ಸುಮ್ಮನೆ ನೋಡುತ್ತಾರೆ. ಎಷ್ಟು ಗರಿ, ಎಲ್ಲಿ ಸೀಳು, ಯಾವ ಲಿಪಿ ಎಂದು ಬರೆದಿಟ್ಟುಕೊಂಡು, ಫೋಟೊ ತೆಗೆದ ಮೇಲೆಯೇ ಕುಂಚ ಕೈಗೆ ಬರುತ್ತದೆ. ಮೆತ್ತನೆಯ ಕೂದಲಿನ ಕುಂಚ ಗರಿಯ ನಾರು ಹರಿದ ದಿಕ್ಕಿನಲ್ಲೇ ಓಡಬೇಕು. ಅಡ್ಡ ಎಳೆದರೆ ನಾರು ಏಳುತ್ತದೆ. ಅಂಟಿದ ಗರಿಗಳಿಗೆ ಹದವಾದ ತೇವ ಕೊಟ್ಟು ಕಾಯುತ್ತಾರೆ. ಬಿಗಿ ಸಡಿಲವಾದಾಗ ಬಿದಿರಿನ ತೆಳು ಸೀಳನ್ನು ನಡುವೆ ನುಗ್ಗಿಸಿ, ಕೂದಲೆಳೆಯಷ್ಟೇ ಮುಂದೆ ಸರಿಸುತ್ತಾರೆ. ಅವಸರಪಟ್ಟರೆ ಗರಿಯ ಮೇಲ್ಪದರವೇ ಕಿತ್ತು, ಅಕ್ಷರಗಳು ಅದರೊಂದಿಗೆ ಹೋಗುತ್ತವೆ.

ಬಿಡಿಸಿದ ಗರಿ ಬೋಳಾಗಿ ಕಾಣುತ್ತದೆ. ಕಬ್ಬಿಣದ ಕಂಟದಿಂದ ಕೊರೆದ ಬರಹಕ್ಕೆ ತನ್ನದೇ ಬಣ್ಣವಿಲ್ಲ. ತುಂಬಿದ್ದ ಮಸಿ ಕಾಲಕ್ರಮದಲ್ಲಿ ಉದುರಿದೆ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಹತ್ತಿಯಿಂದ ತೀಡಿ ಒರೆಸುತ್ತಾರೆ. ಮೇಲಿನ ಮಸಿ ಬಟ್ಟೆಗೆ ಹೋಗಿ, ಗೀರಿನೊಳಗಿನದು ಉಳಿಯುತ್ತದೆ. ಸಾಲಿನಿಂದ ಸಾಲಿಗೆ ಅಕ್ಷರಗಳು ದುಂಡಗೆ, ಕಪ್ಪಗೆ ಎದ್ದು ನಿಲ್ಲುತ್ತವೆ. ಆಮೇಲೆ ಮಜ್ಜಿಗೆ ಹುಲ್ಲಿನ ಎಣ್ಣೆಯ ತೆಳು ಲೇಪ: ಒಣಗಿದ ಗರಿಗೆ ಬಳುಕು ಬರುತ್ತದೆ, ಹುಳು ದೂರವಿರುತ್ತದೆ, ಕೋಣೆಯೆಲ್ಲ ಘಮ್ಮೆನ್ನುತ್ತದೆ.

ಈ ಉಪಚಾರ ಎಲ್ಲ ಗರಿಗೂ ಸಲ್ಲದು. ಮೂಡುಬಿದಿರೆಯಲ್ಲಿರುವ 12ನೇ ಶತಮಾನದ, ಧವಳಾ ಎಂಬ ಜೈನ ಗ್ರಂಥದ ಪ್ರತಿಗಳ ಶ್ರೀತಾಳೆ ಗರಿಗಳಲ್ಲಿ ಬಣ್ಣದ ಚಿತ್ರಗಳಿವೆ. ಶಾಯಿ, ಬಣ್ಣ ಇರುವ ಕಡೆ ಒದ್ದೆ ಹತ್ತಿ ಸೋಕಿದರೂ ಅಪಾಯ. ಕೊರೆದದ್ದೋ ಬರೆದದ್ದೋ ಎಂದು ತಿಳಿಯದೆ ಮುಟ್ಟುವಂತಿಲ್ಲ.

ಮುರಿದ ಅಂಚಿಗೆ ಜಪಾನಿನ ತೆಳು ನಾರುಕಾಗದವನ್ನು, ತೇವ ತಾಗಿಸಿದರೆ ಬಿಡುವಂಥ ಅಂಟಿನಿಂದ ಕೂರಿಸುತ್ತಾರೆ. ನಾಳೆ ಇನ್ನೂ ಒಳ್ಳೆಯ ವಿಧಾನ ಬಂದರೆ ಇವತ್ತಿನ ತೇಪೆ ತೆಗೆಯಲು ಬರಬೇಕು. ಹುಳು ತಿಂದ ಜಾಗದಲ್ಲಿ ಅಕ್ಷರ ಊಹಿಸಿ ಬರೆಯುವುದಿಲ್ಲ. ತೂತು ತೂತಾಗಿಯೇ ಉಳಿಯುತ್ತದೆ. ಹಳೆಯದನ್ನು ಹೊಸದಾಗಿ ಕಾಣಿಸುವ ಆಸೆಯನ್ನು ಗೆದ್ದವರಷ್ಟೇ ಈ ಕೆಲಸಕ್ಕೆ ಅರ್ಹರು. ನನಗೆ ಇದರಲ್ಲಿ ಅತ್ಯಂತ ಗೌರವ ಹುಟ್ಟಿಸುವುದು ಈ ಸಂಯಮವೇ.

ನಮ್ಮ ಹಿರಿಯರಿಗೆ ಕಾಪಾಡುವುದೆಂದರೆ ಪ್ರತಿ ಮಾಡಿಸುವುದು. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಪ್ರತಿಕಾರರೂ ಬರಹದ ಕೊನೆಗೆ ನೀರಿನಿಂದ, ಎಣ್ಣೆಯಿಂದ, ಸಡಿಲ ಕಟ್ಟಿನಿಂದ ಹೊತ್ತಗೆಯನ್ನು ಕಾಯಿರೆಂದು ಬೇಡಿಕೊಳ್ಳುತ್ತಿದ್ದರು. ಆ ಬೇಡಿಕೆಯಲ್ಲಿ ಅನುಭವವಿದೆ. ಕಟ್ಟು ಸಡಿಲವಾದರೆ ಗರಿ ಗರಿಗೆ ಉಜ್ಜಿ ಸವೆಯುತ್ತದೆ, ಸೊಟ್ಟಗಾಗುತ್ತದೆ. ಸಂದಿಯಲ್ಲಿ ದೂಳು, ಹುಳು ಸೇರುತ್ತವೆ. ಅದಕ್ಕೇ ಇಂದಿಗೂ ಎರಡು ಹಲಗೆಗಳ ನಡುವೆ ಹದವಾಗಿ ಬಿಗಿದು, ಬಟ್ಟೆಯಲ್ಲಿ ಸುತ್ತುತ್ತಾರೆ; ಪಕ್ಕದಲ್ಲಿ ಬಜೆಯ ಬೇರಿಡುವ ರೂಢಿಯೂ ಉಳಿದಿದೆ.

1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಗರಿಗಳು ಉಳಿದಿದ್ದವು, ಓದಬಲ್ಲ ಕಣ್ಣೂ ಇತ್ತು. ಎರಡರಲ್ಲಿ ಒಂದು ತಪ್ಪಿದ್ದರೂ ಆ ಗ್ರಂಥ ಅಂದು ನಮ್ಮ ಕೈ ಸೇರುತ್ತಿರಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಕಟ್ಟು ಸಿಕ್ಕೀತು. ಹೊಳೆಗೆ ಬಿಡಬೇಡಿ, ಅಡುಗೆ ಎಣ್ಣೆ ಸವರಬೇಡಿ, ಅಂಟಿದ ಗರಿಯನ್ನು ಉಗುರಿನಿಂದ ಬಿಡಿಸಬೇಡಿ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಬಲ್ಲವರ ಕೈಗೆ ಕೊಡಿ. ಉದುರಿಹೋದ ಅಕ್ಷರವನ್ನು ಯಾವ ಕುಶಲಕರ್ಮಿಯೂ ಮರಳಿ ತರಲಾರ. ಉಳಿದದ್ದನ್ನು ಉಳಿಸಲು ಮಾತ್ರ ಈ ವಿದ್ಯೆಗೆ ಸಾಧ್ಯ.