ಎತ್ತಿನ ಹೆಜ್ಜೆಗೆ ಎಷ್ಟು ಚಿತ್ರ?

ದುಡಿಯುವ ಕಲಾವಿದರು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರಿಂದಲೇ ಆ್ಯನಿಮೇಷನ್ ನಮ್ಮ ದೇಶದಲ್ಲಿ ಬೇರು ಬಿಟ್ಟಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಕ್ಕಳ ಪಕ್ಕದಲ್ಲೂ ಅಂಥವರು ಬಂದು ಕೂರಬೇಕು.

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯತ್ತ ಹೋಗುವ ದಾರಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಟ್ರ್ಯಾಕ್ಟರುಗಳ ಗದ್ದಲದ ನಡುವೆ ಕಬ್ಬು ಹೇರಿಕೊಂಡ ಎತ್ತಿನ ಗಾಡಿ ಬರುತ್ತದೆ. ನಿಂತ ಗಾಡಿ ಮತ್ತೆ ಹೊರಡುವ ಗಳಿಗೆಯಲ್ಲಿ ಕಣ್ಣು ಎತ್ತಿನ ಮೇಲಿರಲಿ. ಮೊದಲು ಕತ್ತು ತಗ್ಗುತ್ತದೆ. ಹೆಗಲು ನೊಗಕ್ಕೆ ಒತ್ತಿಕೊಳ್ಳುತ್ತದೆ. ಹಿಂಗಾಲಿನ ತೊಡೆ ಬಿಗಿಯುತ್ತದೆ. ಗಾಲಿ ಕದಲುವುದು ಇವೆಲ್ಲ ಆದ ಮೇಲೆ. ಆಮೇಲೆ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಹೀಗೆ ಒಂದಾದ ಮೇಲೊಂದು ನೆಲಕ್ಕೆ ಊರುತ್ತವೆ. ಮುಂಗಾಲು ಮೂಡಿಸಿದ ಗುರುತಿನ ಹತ್ತಿರಕ್ಕೇ ಹಿಂಗಾಲು ಬಂದು ಬೀಳುತ್ತದೆ.

ನಮಗೆ ಇದು ದಿನಾ ಕಾಣುವ ನೋಟ. ಆ್ಯನಿಮೇಟರನಿಗೆ ಇದೇ ಪಾಠ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡು ಫ್ರೇಮಿನಷ್ಟು ಹೊತ್ತು ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಭಾರ ಎಳೆಯುವ ಎತ್ತಿನ ನಾಲ್ಕೂ ಕಾಲು ಒಂದು ಸುತ್ತು ಮುಗಿಸಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ 18 ಚಿತ್ರ ಬರೆಯಬೇಕು. ಓಡುವ ಕುದುರೆಯ ಕಾಲುಗಳ ಗುಟ್ಟು ತಿಳಿಯಲು 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಅಮೆರಿಕದಲ್ಲಿ ಸಾಲಾಗಿ ಕ್ಯಾಮೆರಾ ಹೂಡಿ ಫೋಟೊ ತೆಗೆದ. ಎತ್ತಿನ ಜೊತೆ ನಡೆದೇ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಆ ನಡಿಗೆ ಮೈಗೇ ಗೊತ್ತು. ಅದನ್ನು ಕಾಗದಕ್ಕೆ ಇಳಿಸುವ ದಾರಿ ತೋರಿಸುವವರು ಬೇಕು.

ಮುಂಬೈಗೆ ಬಂದ ಮಾಸ್ತರ

ಈ ಕಲೆ ಭಾರತದಲ್ಲಿ ಹೇಗೆ ನೆಲೆಯೂರಿತು ಎಂದು ನೋಡಿದರೆ ಮೊದಲು ಸಿಗುವುದು ಒಬ್ಬ ಗುರು. 1956ರಲ್ಲಿ ಡಿಸ್ನಿ ಸ್ಟುಡಿಯೊದ ಆ್ಯನಿಮೇಟರ್ ಕ್ಲೇರ್ ವೀಕ್ಸ್ ಮುಂಬೈನ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್ನಿಗೆ ಬಂದರು. ‘ಬ್ಯಾಂಬಿ’, ‘ಪೀಟರ್ ಪ್ಯಾನ್’ ಚಿತ್ರಗಳಿಗೆ ದುಡಿದವರು. ಮಿಷನರಿ ದಂಪತಿಯ ಮಗ, ಹುಟ್ಟಿದ್ದು ಭಾರತದಲ್ಲೇ. ಇಲ್ಲಿಯ ಕಾರ್ಟೂನ್ ವಿಭಾಗದ ಯುವಕರನ್ನು ಎದುರಿಗೆ ಕೂರಿಸಿಕೊಂಡು ಅವರು ಪಾಠ ಶುರು ಮಾಡಿದರು. ಆ ಪಾಠದ ಫಲವಾಗಿ 1957ರಲ್ಲಿ ಜಾತಕ ಕಥೆಯೊಂದನ್ನು ಆಧರಿಸಿದ ‘ದಿ ಬನಿಯನ್ ಡೀರ್’ ಹೊರಬಂತು. ಅಮೆರಿಕದ ಕೈಚಳಕ ಕಲಿಸಲು ಬಂದವರು ಕಥೆಯನ್ನು ಮಾತ್ರ ಈ ನೆಲದಿಂದಲೇ ಎತ್ತಿಕೊಂಡರು. ಒಳ್ಳೆಯ ಗುರುವಿನ ಲಕ್ಷಣವದು.

ವೀಕ್ಸ್ ದುಡಿದ ಸ್ಟುಡಿಯೊದಲ್ಲೇ ಕಲಿಸುವ ಪರಿಪಾಠ ಬೆಳೆದಿತ್ತು. 1932ರಲ್ಲಿ ವಾಲ್ಟ್ ಡಿಸ್ನಿ ತನ್ನ ಕಲಾವಿದರಿಗಾಗಿ ಡಾನ್ ಗ್ರಹಾಂ ಎಂಬ ಚಿತ್ರಕಲಾ ಶಿಕ್ಷಕರನ್ನು ಕರೆಸಿ ಸಂಜೆ ತರಗತಿ ನಡೆಸಿದ್ದ. ಹಗಲು ದುಡಿದು ದಣಿದವರು ಸಂಜೆ ಮತ್ತೆ ಪೆನ್ಸಿಲ್ ಹಿಡಿದು ವಿದ್ಯಾರ್ಥಿಗಳಾಗುತ್ತಿದ್ದರು.

ವೀಕ್ಸ್ ಕೈಕೆಳಗೆ ಪಳಗಿದವರಲ್ಲಿ ರಾಮ್ ಮೋಹನ್ ಒಬ್ಬರು. ಮದ್ರಾಸಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದವರು ಅದನ್ನು ಬಿಟ್ಟು ಚಿತ್ರದ ಬೆನ್ನು ಹತ್ತಿದರು. 1972ರಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದರು. ಹೆಣ್ಣುಮಕ್ಕಳ ಓದು, ಆರೋಗ್ಯದ ಕಥೆ ಹೇಳಿದ ಯುನಿಸೆಫ್‌ನ ‘ಮೀನಾ’ ಸರಣಿಗೆ ದುಡಿದರು. ಜಪಾನಿನ ಯುಗೊ ಸಾಕೊ ಜೊತೆ ಸೇರಿ 1992ರ ‘ರಾಮಾಯಣ’ ಚಿತ್ರ ಮಾಡಿದರು. ಇಷ್ಟೆಲ್ಲ ಮಾಡಿದವರು 2006ರಲ್ಲಿ, ಎಪ್ಪತ್ತೈದರ ಹೊಸ್ತಿಲಲ್ಲಿ, ಗ್ರಾಫಿಟಿ ಎಂಬ ಆ್ಯನಿಮೇಷನ್ ಶಾಲೆ ತೆರೆದರು. 2014ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ಅವರು ತೀರಿಕೊಂಡರು. ವೀಕ್ಸ್ ಕೊಟ್ಟ ಸಾಲವನ್ನು ರಾಮ್ ಮೋಹನ್ ತೀರಿಸಿದ್ದು ಮುಂದಿನವರಿಗೆ ಕಲಿಸಿ.

ಪಕ್ಕದ ಊರಿನ ಪೇಂಟರ್

ಇಂಥ ಗುರುಪರಂಪರೆ ಹುಡುಕಲು ನಾವು ಮುಂಬೈವರೆಗೂ ಹೋಗಬೇಕಿಲ್ಲ. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಲಾಪುರದಲ್ಲಿ 1918ರಲ್ಲಿ ಬಾಬುರಾವ್ ಪೇಂಟರ್ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಕೈ ಅದು. ಕ್ಯಾಮೆರಾ ಕೊಳ್ಳುವ ದಾರಿ ಕಾಣದೆ ತಮ್ಮವರನ್ನೇ ಕಟ್ಟಿಕೊಂಡು ಊರಲ್ಲೇ ಅದನ್ನು ತಯಾರಿಸಿದರು. ಅವರ ಕಂಪನಿಯೇ ಒಂದು ಶಾಲೆಯಾಗಿತ್ತು. ದಾಮ್ಲೆ, ಫತ್ತೇಲಾಲ್, ವಿ. ಶಾಂತಾರಾಂ ಅಲ್ಲಿ ದುಡಿಯುತ್ತ ಕಲಿತು, 1929ರಲ್ಲಿ ಕೊಲ್ಲಾಪುರದಲ್ಲೇ ಪ್ರಭಾತ್ ಕಂಪನಿ ಶುರು ಮಾಡಿದರು. ಮುಂದೆ ಪುಣೆಗೆ ಹೋದ ಪ್ರಭಾತ್ 1930ರ ದಶಕದಲ್ಲಿ ‘ಜಂಬು ಕಾಕಾ’ ಎಂಬ ಕಾರ್ಟೂನ್ ಚಿತ್ರವನ್ನೂ ಹೊರತಂದಿತು. ಪರದೆ ಬರೆಯುತ್ತಿದ್ದವರ ಶಿಷ್ಯರು ಕಟ್ಟಿದ ಕಂಪನಿಯಲ್ಲಿ ಚಿತ್ರಗಳೇ ಓಡಾಡಿದವು.

ನಮ್ಮ ಜಿಲ್ಲಾ ಕೇಂದ್ರ ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ‘ಚಿತ್ರಮಂದಿರ’ ಎಂಬ ಕಲಾಶಾಲೆಯಲ್ಲಿ ತಲೆಮಾರುಗಳಿಗೆ ಚಿತ್ರಕಲೆ ಕಲಿಸಿದರು. ದೇಶದ ದೊಡ್ಡ ಇಲಸ್ಟ್ರೇಟರುಗಳಲ್ಲಿ ಒಬ್ಬರಾದ ರವಿ ಪರಾಂಜಪೆ ಕುಲಕರ್ಣಿಯವರ ಶಿಷ್ಯ. ಕೈಯಿಂದ ಕೈಗೆ ವಿದ್ಯೆ ದಾಟುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಅಥಣಿಯ ಚಪ್ಪಲಿ ಹೊಲಿಯುವ ಮನೆಗಳಲ್ಲಿ ಇವತ್ತಿಗೂ ಹಾಗೇ ನಡೆದಿದೆ. ಚರ್ಮದ ಹದ ಎಷ್ಟು, ಉಳಿಯ ಓರೆ ಎಷ್ಟು ಎಂಬುದು ಹಿರಿಯರ ಪಕ್ಕ ಕೂತವರಿಗೆ ಮಾತ್ರ ತಿಳಿಯುತ್ತದೆ. ಚರ್ಮವೇ ಕೊಪ್ಪಳದ ಮೋರನಾಳದಲ್ಲಿ ಪರದೆಯ ಮೇಲೆ ಕುಣಿಯುತ್ತದೆ. ತೊಗಲು ಗೊಂಬೆಯಾಟವನ್ನು ಬಾಳಿನುದ್ದಕ್ಕೂ ಕಾಪಾಡಿಕೊಂಡು ಬಂದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ದೀಪದ ಮುಂದೆ ಗೊಂಬೆಯ ಕೈಕಾಲು ಆಡಿಸಿ ಜೀವ ತುಂಬುವ ಆ ವಿದ್ಯೆ ಆ್ಯನಿಮೇಷನ್ನಿನ ಹಿರಿಯಕ್ಕ.

ಗುಂಡುಕಲ್ಲು, ರಬ್ಬರ್ ಚೆಂಡು

ಜಗತ್ತಿನ ಬಹುತೇಕ ಆ್ಯನಿಮೇಷನ್ ತರಗತಿಗಳ ಮೊದಲ ಪಾಠ ಪುಟಿಯುವ ಚೆಂಡು. ಮನೆಯಲ್ಲೇ ಮಾಡಿ ನೋಡಬಹುದು. ಹಳೆಯ ನೋಟ್‌ಬುಕ್ಕಿನ ಮೂಲೆಯಲ್ಲಿ, ಕೊನೆಯ ಹಾಳೆಯಿಂದ ಹಿಂದಕ್ಕೆ ಬರುತ್ತ, 24 ಹಾಳೆಗಳಲ್ಲಿ ಒಂದೊಂದು ಪುಟ್ಟ ವೃತ್ತ ಬರೆಯಿರಿ. ಚೆಂಡು ಮೇಲಿರುವಾಗ ವೃತ್ತಗಳು ಒತ್ತೊತ್ತಾಗಿರಲಿ, ಕೆಳಗಿಳಿದಂತೆ ಅಂತರ ಹೆಚ್ಚಲಿ. ನೆಲ ಮುಟ್ಟುವ ಹಾಳೆಯಲ್ಲಿ ವೃತ್ತ ಚಪ್ಪಟೆಯಾಗಲಿ. ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟರೆ ಚೆಂಡು ಪುಟಿಯುತ್ತದೆ. ಈಗ ಅದೇ ಅಳತೆಯ ವೃತ್ತವನ್ನು ಗರಡಿಮನೆಯ ಗುಂಡುಕಲ್ಲು ಎಂದುಕೊಂಡು ಬರೆಯಿರಿ. ಅದು ಚಪ್ಪಟೆಯಾಗಬಾರದು, ಬಿದ್ದ ಮೇಲೆ ಏಳಬಾರದು, ತುಸು ಅಲುಗಿ ನಿಂತುಬಿಡಬೇಕು. ವೃತ್ತ ಒಂದೇ, ತೂಕ ಬೇರೆ. ಆ ತೂಕ ಇರುವುದು ಹಾಳೆ ಹಾಳೆಗಳ ನಡುವಿನ ಅಂತರದಲ್ಲಿ.

ಡಿಸ್ನಿಯ ಹಿರಿಯ ಆ್ಯನಿಮೇಟರುಗಳಾದ ಫ್ರ್ಯಾಂಕ್ ಥಾಮಸ್, ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಇಂಥ 12 ಸೂತ್ರಗಳನ್ನು ವಿವರಿಸಿದರು. ಮುಂದಕ್ಕೆ ನುಗ್ಗುವ ಮುನ್ನ ದೇಹ ಹಿಂದಕ್ಕೆ ಸರಿಯುತ್ತದೆ ಎಂಬುದು ಅವುಗಳಲ್ಲೊಂದು. ಜಾತ್ರೆಯ ಕುಸ್ತಿ ನೋಡಿದ ಯಾವ ಮಗುವಿಗೂ ಇದನ್ನು ವಿವರಿಸಬೇಕಿಲ್ಲ.

ಹಾಗಾದರೆ ಗುರು ಯಾಕೆ ಬೇಕು? ಪುಸ್ತಕ ಸೂತ್ರ ಹೇಳುತ್ತದೆ, ವಿಡಿಯೊ ಮಾಡಿ ತೋರಿಸುತ್ತದೆ. ನನ್ನ ಒಂಬತ್ತನೇ ಹಾಳೆಯಲ್ಲಿ ತಪ್ಪಿದ್ದೇನು ಎಂಬುದನ್ನು ಎರಡೂ ಹೇಳಲಾರವು. ಪಳಗಿದ ಆ್ಯನಿಮೇಟರ್ ಹಾಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಎರಡು ಸಲ ತಿರುವುತ್ತಾನೆ. ತಪ್ಪಿದ ಹಾಳೆಯ ಮೇಲೆ ಖಾಲಿ ಹಾಳೆಯೊಂದನ್ನಿಟ್ಟು ಒಂದೇ ಗೆರೆ ಎಳೆಯುತ್ತಾನೆ. ಆ ಒಂದು ಗೆರೆಗಾಗಿಯೇ 1973ರಲ್ಲಿ ಲಂಡನ್ನಿನ ಆ್ಯನಿಮೇಟರ್ ರಿಚರ್ಡ್ ವಿಲಿಯಮ್ಸ್ ಡಿಸ್ನಿಯ ಹಳೆಯ ಹುಲಿ ಆರ್ಟ್ ಬ್ಯಾಬಿಟ್‌ನನ್ನು ಕರೆಸಿ ತನ್ನ ಸ್ಟುಡಿಯೊದಲ್ಲೇ ಪಾಠ ಮಾಡಿಸಿದ. ಪ್ರಶಸ್ತಿ ಗೆದ್ದು ಹೆಸರು ಮಾಡಿದ ಮೇಲೂ ವಿಲಿಯಮ್ಸ್ ವಿದ್ಯಾರ್ಥಿಯಾಗಿ ಕೂತ. 2005ರಲ್ಲಿ ಶುರುವಾದ ‘ಆ್ಯನಿಮೇಷನ್ ಮೆಂಟರ್’ ಎಂಬ ಆನ್‌ಲೈನ್ ಶಾಲೆಯೂ ಇದೇ ನಂಬಿಕೆಯ ಮೇಲೆ ನಿಂತಿದೆ. ಸ್ಟುಡಿಯೊಗಳಲ್ಲಿ ದುಡಿಯುವವರೇ ಅಲ್ಲಿ ವಿದ್ಯಾರ್ಥಿಗಳ ಕೆಲಸ ನೋಡಿ ತಿದ್ದುತ್ತಾರೆ. ಆದರೆ ಅದರ ಭಾಷೆ ಇಂಗ್ಲಿಷ್, ಶುಲ್ಕ ಡಾಲರಿನಲ್ಲಿ. ರಾಯಬಾಗದ ರೈತನ ಮಗಳಿಗೆ ಎರಡೂ ದೂರದ ಮಾತು.

ಸಲಕರಣೆ ಇದೆ, ಸಾಥ್ ಬೇಕು

ಸಲಕರಣೆಯ ಮಟ್ಟಿಗೆ ಇದು ಒಳ್ಳೆಯ ಕಾಲ. ಆ್ಯನಿಮೇಷನ್ ಮಾಡುವ ಸಾಫ್ಟ್‌ವೇರ್‌ಗಳಾದ ಬ್ಲೆಂಡರ್, ಕ್ರಿಟಾ, ಓಪನ್‌ಟೂನ್ಜ್ ಮೂರೂ ಉಚಿತ. ಲ್ಯಾಟ್ವಿಯಾ ಎಂಬ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಬ್ಲೆಂಡರಿನಲ್ಲೇ ಮಾಡಿದ ‘ಫ್ಲೋ’ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. ಅದರಲ್ಲಿ ಮಾತೇ ಇಲ್ಲ. ಬೆಕ್ಕು, ನಾಯಿಗಳ ನಡೆಯನ್ನು ಶ್ರದ್ಧೆಯಿಂದ ನೋಡಿದ ಕಣ್ಣಿದೆ. ನಮ್ಮವರೇ ಆದ ವಿ. ರವಿಶಂಕರ್ ಬೆಂಗಳೂರಿನಿಂದ ಜನರ ದುಡ್ಡು ಕೂಡಿಸಿ, ಊರೂರಿನ ಕಲಾವಿದರನ್ನು ಒಗ್ಗೂಡಿಸಿ, ಗೋವಿನ ಹಾಡಿನ ಕಥೆಯನ್ನು ‘ಪುಣ್ಯಕೋಟಿ’ಯೆಂದು ಸಂಸ್ಕೃತದಲ್ಲಿ ತೆರೆಗೆ ತಂದರು. 2025ರಲ್ಲಿ ‘ಮಹಾವತಾರ ನರಸಿಂಹ’ ಎಂಬ ಆ್ಯನಿಮೇಷನ್ ಚಿತ್ರ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಚಿತ್ರಮಂದಿರ ತುಂಬಿಸಿತು.

ಈ ಕಲೆ ಕಲಿಯಲು ಮಕ್ಕಳನ್ನು ಕಳಿಸುವ ತಂದೆ ತಾಯಿಗೆ ಉದ್ಯಮದ ಇನ್ನೊಂದು ಮುಖವೂ ಗೊತ್ತಿರಬೇಕು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಎಂಬ ಜಾಗತಿಕ ಆ್ಯನಿಮೇಷನ್, ವಿಷುಯಲ್ ಎಫೆಕ್ಟ್ಸ್ ಕಂಪನಿ ಬಾಗಿಲು ಹಾಕಿದಾಗ ಬೆಂಗಳೂರಿನಲ್ಲೂ ಸಾವಿರಾರು ಕಲಾವಿದರ ಕೆಲಸಕ್ಕೆ ಕುತ್ತು ಬಂತು. ಒಂದು ಸಾಫ್ಟ್‌ವೇರ್ ಮಾತ್ರ ಕಲಿತವರು ಅಂಥ ಹೊಡೆತಕ್ಕೆ ಬೇಗ ಕಂಗೆಡುತ್ತಾರೆ. ನೋಡಿ ಬರೆಯಲು ಬಲ್ಲವರಿಗೆ ಜಾಹೀರಾತು, ಪಠ್ಯ, ಮಕ್ಕಳ ಪುಸ್ತಕ, ಆಟಗಳ ಲೋಕ ತೆರೆದಿರುತ್ತದೆ. ಆದ್ದರಿಂದ ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ಕಲಿಸುವವರು ಸ್ವತಃ ಮಾಡಿದ ಕೆಲಸ ತೋರಿಸುತ್ತಾರೆಯೇ? ನನ್ನ ಮಗುವಿನ ಚಿತ್ರವನ್ನು ವಾರಕ್ಕೆ ಎಷ್ಟು ಸಲ ತಿದ್ದುತ್ತಾರೆ? ಕಂಪ್ಯೂಟರಿಗೆ ಮೊದಲು ಪೆನ್ಸಿಲ್ ಹಿಡಿಸುತ್ತಾರೆಯೇ?

ಆ್ಯನಿಮೇಷನ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ತಂದ ರಾಜ್ಯ ನಮ್ಮದು. ಈಗ 2024–29ರ ಹೊಸ ನೀತಿಯೂ ಜಾರಿಯಲ್ಲಿದೆ. ಅದರ ಬೆಳಕು ಬೆಂಗಳೂರಿನಿಂದ ಐನೂರು ಕಿಲೋಮೀಟರಿಗೂ ಆಚೆ ಇರುವ ಈ ಐದು ತಾಲ್ಲೂಕುಗಳ ಮೇಲೆ ಬೀಳಲು ದೊಡ್ಡ ಕಟ್ಟಡ ಬೇಕಿಲ್ಲ. ದಸರಾ ರಜೆಯಲ್ಲೋ ಬೇಸಿಗೆಯಲ್ಲೋ ಹದಿನೈದು ದಿನ ಬಂದಿರುವ ಇಬ್ಬರು ಆ್ಯನಿಮೇಟರುಗಳು ಸಾಕು. ಮೊದಲು ಅವರು ನಮ್ಮ ಡ್ರಾಯಿಂಗ್ ಮಾಸ್ತರರಿಗೆ ಕಲಿಸಲಿ, ಮಾಸ್ತರರು ವರ್ಷವಿಡೀ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಒಂದು ಗಾಜು, ಕೆಳಗೊಂದು ಬಲ್ಬು ಇದ್ದರೆ ಹಾಳೆಯ ಮೇಲೆ ಹಾಳೆಯಿಟ್ಟು ಬರೆಯುವ ಲೈಟ್ ಬಾಕ್ಸ್ ಆಯಿತು. ಫೋನನ್ನು ಅಲುಗದಂತೆ ಕಟ್ಟಿ ನಿಲ್ಲಿಸಿದರೆ ಕ್ಯಾಮೆರಾ ಆಯಿತು. ಪಾಠ ಕನ್ನಡದಲ್ಲಿರಲಿ, ಗಡಿಯ ಮನೆಗಳಲ್ಲಿ ಮರಾಠಿ ಆಡುವ ಮಕ್ಕಳಿಗೆ ಅವರ ಮಾತಿನಲ್ಲೂ ಎರಡು ಸಲ ಹೇಳಲಿ. ಬೆಂಗಳೂರು, ಪುಣೆ, ಮುಂಬೈಯ ಸ್ಟುಡಿಯೊಗಳಲ್ಲಿ ಕೂತಿರುವ ಉತ್ತರ ಕರ್ನಾಟಕದ ಕಲಾವಿದರಿಗೆ ನನ್ನ ಬೇಡಿಕೆ ಇಷ್ಟೆ: ಊರಿಗೆ ಬಂದಾಗ ಎರಡು ದಿನ ಹೆಚ್ಚು ಉಳಿಯಿರಿ, ನಿಮ್ಮ ಶಾಲೆಯ ಬಾಗಿಲು ತಟ್ಟಿ.

ಮುಂದಿನ ಹಂಗಾಮಿಗೆ ಉಗಾರದ ದಾರಿಯಲ್ಲಿ ಮತ್ತೆ ಗಾಡಿ ಹೊರಡುತ್ತದೆ, ಎತ್ತು ಮತ್ತೆ ಕತ್ತು ತಗ್ಗಿಸುತ್ತದೆ. ಅದನ್ನು ನೋಡುತ್ತ ನಿಂತ ಮಗು ನೋಟ್‌ಬುಕ್ಕಿನಲ್ಲಿ 18 ಚಿತ್ರ ಬರೆದುಕೊಂಡು ಬಂದಾಗ ಹಾಳೆ ತಿರುವಿ, ‘ಭಾರ ಇನ್ನೂ ಹೆಗಲಿಗೆ ಬಂದಿಲ್ಲ ನೋಡವ್ವಾ, ಇದೊಂದು ಹಾಳಿ ಮತ್ತ ತಗಿ’ ಎನ್ನುವ ಗುರು ಪಕ್ಕದಲ್ಲಿ ಕೂತಿರಬೇಕು.