ಯಂತ್ರ, ಕಥನ ಮತ್ತು ಸುಂಕ: ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್

ವಿಡಿಯೋ ಗೇಮ್ ಕುರಿತ ಚರ್ಚೆಗಳು ಸಾಮಾನ್ಯವಾಗಿ ಅದರ ಮನರಂಜನೆಯ ಮುಖಕ್ಕೋ ಮಕ್ಕಳ ಮೇಲಾಗುವ ಪರಿಣಾಮಕ್ಕೋ ಸೀಮಿತವಾಗಿರುತ್ತವೆ. ಆದರೆ ಇಂದಿನ ಅನೇಕ ಆಟಗಳು ದೀರ್ಘ ಕಥನಗಳೂ ಹೌದು. ಈ ಕಥನವು ನಿರ್ದಿಷ್ಟ ಯಂತ್ರವೊಂದರ ಮೂಲಕವೇ ಆಡುವವರನ್ನು ತಲುಪಬೇಕು. ಆದ್ದರಿಂದ ಯಂತ್ರದ ಒಡೆತನ ಯಾರದು ಎಂಬ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಬಂಧಿಸಿದ್ದಾಗಿದೆ. ಮೈಕ್ರೋಸಾಫ್ಟ್ ಕಂಪನಿ ಈ ಕ್ಷೇತ್ರವನ್ನು ಪ್ರವೇಶಿಸಿದ ಬಗೆಯನ್ನು ಈ ಹಿನ್ನೆಲೆಯಲ್ಲಿ ಗಮನಿಸಬಹುದು.

ಟಿ.ವಿ.ಗೆ ಜೋಡಿಸಿ ಆಡುವ ಯಂತ್ರವನ್ನು ಕನ್ಸೋಲ್ ಎನ್ನಲಾಗುತ್ತದೆ. 1990ರ ದಶಕದ ಕೊನೆಯಲ್ಲಿ ಈ ಮಾರುಕಟ್ಟೆ ಜಪಾನಿನ ಸೋನಿ, ನಿಂಟೆಂಡೊ ಮತ್ತು ಸೆಗಾ ಕಂಪನಿಗಳ ಕೈಯಲ್ಲಿತ್ತು. 2000ದ ಮಾರ್ಚ್‌ನಲ್ಲಿ ಸೋನಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಪ್ಲೇಸ್ಟೇಷನ್ 2 ಆಟದ ಜೊತೆಗೆ ಡಿವಿಡಿ ಚಲನಚಿತ್ರಗಳನ್ನೂ ತೋರಿಸಬಲ್ಲದಾಗಿತ್ತು. ಇಂತಹ ಯಂತ್ರ ಮನೆಯೊಳಗೆ ಕಂಪ್ಯೂಟರಿನ ಸ್ಥಾನವನ್ನೇ ಆಕ್ರಮಿಸಬಹುದೆಂಬ ಆತಂಕ ಮೈಕ್ರೋಸಾಫ್ಟ್‌ಗಿತ್ತು. ಅದೇ ತಿಂಗಳು ಬಿಲ್ ಗೇಟ್ಸ್ ಎಕ್ಸ್‌ಬಾಕ್ಸ್ ಅನ್ನು ಘೋಷಿಸಿದರು. ಇಂಟೆಲ್ ಪ್ರೊಸೆಸರ್, ಹಾರ್ಡ್ ಡಿಸ್ಕ್‌ಗಳನ್ನು ಒಳಗೊಂಡ ಈ ಯಂತ್ರ ರಚನೆಯಲ್ಲಿ ಕಂಪ್ಯೂಟರೇ ಆಗಿತ್ತು. 2001ರ ನವೆಂಬರ್ 15ರಂದು ಅಮೆರಿಕದಲ್ಲಿ ಅದು 299 ಡಾಲರಿಗೆ ಮಾರಾಟಕ್ಕೆ ಬಂತು.

ಈ ಬೆಲೆ ತಯಾರಿಕೆಯ ವೆಚ್ಚಕ್ಕಿಂತ ಕಡಿಮೆಯಾಗಿತ್ತು. ಕನ್ಸೋಲ್ ಯಂತ್ರಗಳ ಮಾರಾಟದಿಂದ ಕಂಪನಿ ಎಂದೂ ಲಾಭ ಗಳಿಸಿಲ್ಲವೆಂದು ಅದರ ಅಧಿಕಾರಿಯೊಬ್ಬರು 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಹಾಗಾದರೆ ಗಳಿಕೆ ಎಲ್ಲಿಯದು? ಸ್ವಂತ ಆಟಗಳ ಮಾರಾಟ ಒಂದು ಮೂಲ. ಇತರರು ತಯಾರಿಸಿದ ಆಟಗಳಿಂದ ಪಡೆಯುವ ಪಾಲು ಇನ್ನೊಂದು. ಕನ್ನಡ ಶಾಸನಗಳಲ್ಲಿ ಬರುವ ಪೆರ್ಜುಂಕವನ್ನು ಇಲ್ಲಿ ನೆನೆಯಬಹುದು. ಸಾಗುವ ಸರಕಿನ ಮೇಲೆ ಸುಂಕ ಎತ್ತುವವನಿಗೆ ದಾರಿಯ ಮೇಲಿನ ಅಧಿಕಾರವೇ ಆದಾಯದ ಮೂಲ. ಕನ್ಸೋಲ್ ಅಂತಹ ದಾರಿ.

ಆದರೆ ದಾರಿಗೆ ಜನರನ್ನು ಕರೆತಂದುದು ಕಥನವೇ. ಶಿಕಾಗೋದ ಬಂಜಿ ಸಂಸ್ಥೆ ರೂಪಿಸುತ್ತಿದ್ದ ಹ್ಯಾಲೊ ಆಟವನ್ನು 1999ರಲ್ಲಿ ಆಪಲ್ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಪರಿಚಯಿಸಿದ್ದರು. 2000ದಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನೇ ಕೊಂಡಿತು. ಹ್ಯಾಲೊ ಎಕ್ಸ್‌ಬಾಕ್ಸ್ ಜೊತೆಗೇ ಹೊರಬಂತು. 2003ರಲ್ಲಿ ಅದು ಕಂಪ್ಯೂಟರುಗಳಿಗೆ ಬಂದರೂ ಪ್ರತಿಸ್ಪರ್ಧಿ ಕನ್ಸೋಲ್‌ಗಳಿಗೆ ದೊರೆಯಲಿಲ್ಲ. ಸುಮಾರು 2.4 ಕೋಟಿ ಎಕ್ಸ್‌ಬಾಕ್ಸ್‌ಗಳು ಮಾರಾಟವಾದವು. ಪ್ಲೇಸ್ಟೇಷನ್ 2ರ 15 ಕೋಟಿಗೂ ಮಿಕ್ಕಿದ ಮಾರಾಟದೆದುರು ಇದು ಅಲ್ಪವೇ. ಆದರೂ ಹೊಸಬನಿಗೆ ನೆಲೆ ದೊರೆಯಿತು.

ಈ ಒಡೆತನದ ಪರಿಣಾಮ ಕೃತಿಯ ಆಯುಷ್ಯದ ಮೇಲೂ ಆಗುತ್ತದೆ. ಕಾವ್ಯವೊಂದು ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಸಾಗುವಾಗ ಓಲೆ ಮಾಡಿದವನ ಅಪ್ಪಣೆ ಬೇಕಿರಲಿಲ್ಲ, ಲಿಪಿಕಾರನಿದ್ದರೆ ಸಾಕಿತ್ತು. ಆಟದ ಸ್ಥಿತಿ ಹಾಗಲ್ಲ. 2004ರ ಹ್ಯಾಲೊ 2ರಲ್ಲಿ ದೂರದೂರದ ಆಟಗಾರರು ಅಂತರಜಾಲದ ಮೂಲಕ ಕೂಡಿ ಆಡುತ್ತಿದ್ದರು. 2010ರ ಏಪ್ರಿಲ್ 15ರಂದು ಕಂಪನಿ ಮೂಲ ಎಕ್ಸ್‌ಬಾಕ್ಸ್‌ನ ಈ ಸೇವೆಯನ್ನು ಸ್ಥಗಿತಗೊಳಿಸಿತು. ತಟ್ಟೆ, ಯಂತ್ರ ಎರಡೂ ಮನೆಯಲ್ಲಿದ್ದವು; ಕೃತಿಯ ಒಂದು ಭಾಗ ಮಾತ್ರ ಇಲ್ಲವಾಗಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಮೊದಲ ಹ್ಯಾಲೊ ಕಥೆಯ ಹೊಸ ರೂಪವನ್ನು ಸೋನಿಯ ಯಂತ್ರಕ್ಕೂ ನೀಡುವುದಾಗಿ ಮೈಕ್ರೋಸಾಫ್ಟ್ 2025ರಲ್ಲಿ ಘೋಷಿಸಿತು. ಕಥನವನ್ನು ಕಟ್ಟಿಹಾಕಿದ್ದೂ ಬಿಡಿಸಿದ್ದೂ ಒಂದೇ ಕೈ. ಡಿಜಿಟಲ್ ಕೃತಿಗಳ ಗ್ರಂಥಸಂಪಾದನೆಗೆ ತೊಡಗುವವರು ಪಾಠಭೇದಗಳಿಗಿಂತ ಮೊದಲು ಈ ಕೈಯನ್ನು ಗುರುತಿಸಬೇಕಾಗುತ್ತದೆ.